ಅಲ್ಲಾಡಿಸಿ ನೋಡುವ ಬಾಟಲಿ

ಒಳಗೆ ಎಷ್ಟು ಉಳಿದಿದೆ ಅಂತ ಕಾಣದ ಬಾಟಲಿಯನ್ನು ಮೊದಲು ಮಾಡಿದವರು ಯಾರೋ ಮನೆಮುರುಕರೇ ಇರಬೇಕು. ಜರ್ಮನಿಯ ಸ್ಟೈನ್‌ಹೇಗರ್ ಜಿನ್ ಬರುವುದು ಅಂಥದ್ದರಲ್ಲೇ. ಉದ್ದಕ್ಕೆ, ಕಂದು ಬಣ್ಣಕ್ಕೆ, ಸುಟ್ಟ ಮಣ್ಣಿನದು. ದೀಪಕ್ಕೆ ಹಿಡಿದರೂ ಗುಟ್ಟು ಬಿಡುವುದಿಲ್ಲ. ಅಲ್ಲಾಡಿಸಿ ಕಿವಿಗೊಡಬೇಕು.

ನಾವಿರುವುದು ಬೀಲೆಫೆಲ್ಡ್‌ನಲ್ಲಿ. ಅಂಥ ಊರೇ ಇಲ್ಲ ಅಂತ ಇಡೀ ಜರ್ಮನಿ ತಮಾಷೆ ಮಾಡುತ್ತದೆ. ಬಾಡಿಗೆ ಮಾತ್ರ ತಿಂಗಳು ತಿಂಗಳು ಕೇಳುತ್ತಾರೆ! ಪಕ್ಕದಲ್ಲೇ, ಟ್ಯೂಟೊಬರ್ಗ್ ಕಾಡಿನ ಅಂಚಿಗೆ ಸ್ಟೈನ್‌ಹಾಗನ್. ಈ ಜಿನ್ ಆ ಊರಿನದೇ. ನಂಜನಗೂಡು ರಸಬಾಳೆಗೆ ಇರುವಂಥ ಭೌಗೋಳಿಕ ಗುರುತು ಇದಕ್ಕೂ 1989ರಿಂದ ಇದೆ. ಜುನಿಪರ್ ಅನ್ನುವ ಪೊದೆಯ ಪುಟ್ಟ ಹಣ್ಣನ್ನು ಜಜ್ಜಿ, ಹುಳಿ ಬರಿಸಿ, ಭಟ್ಟಿ ಇಳಿಸಿ, ಅದನ್ನು ಧಾನ್ಯದ ಮದ್ಯಸಾರಕ್ಕೆ ಸೇರಿಸಿ ಇನ್ನೊಮ್ಮೆ ಇಳಿಸುತ್ತಾರೆ. ಬೇರೆ ಜಿನ್‌ಗಳ ಹಾಗೆ ಹತ್ತಾರು ಮಸಾಲೆಯ ಗಲಾಟೆ ಇಲ್ಲ. ಕೊಬ್ಬಿನ ಊಟವಾದ ಮೇಲೆ, ಚೆನ್ನಾಗಿ ತಣ್ಣಗೆ ಮಾಡಿ, ಪುಟ್ಟ ಗ್ಲಾಸಿನಲ್ಲಿ ಒಂದೇ ಗುಟುಕು. ಜೊತೆಗೆ ಬಿಯರ್.

ನಮ್ಮವರು ಒಂದು ಬಾಟಲಿಯನ್ನು ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಹಿಂದೆ ಇಟ್ಟಿದ್ದರು. ಚಳಿಗಾಲದಲ್ಲಿ ಮೈಸೂರಿನಿಂದ ಅತ್ತೆ ಬಂದರು.

"ಏನೇ ಇದು, ಭರಣಿನ ಫ್ರೀಜರಲ್ಲಿ ಇಟ್ಟಿದ್ದೀಯ?"

"ಅದು ಅವರ ಆಫೀಸಿನದು ಅತ್ತೆ."

ಸುಳ್ಳೇನಲ್ಲ. ಆಫೀಸಿನವರೇ ಕೊಟ್ಟಿದ್ದು.

ಅತ್ತೆಗೆ ಕಾಲು ಕೊರೆಯುತ್ತಿತ್ತು. ಕೆಳಗಿನ ಮನೆ ಅಜ್ಜಿ ತಮ್ಮ ಕಪಾಟಿನಿಂದ ಇಂಥದ್ದೇ ಒಂದು ಖಾಲಿ ಬಾಟಲಿ ತಂದುಕೊಟ್ಟರು. ಇದರಲ್ಲಿ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಹಾಸಿಗೆಯಲ್ಲಿ ಕಾಲ ಹತ್ತಿರ ಇಟ್ಟುಕೊಳ್ಳುವುದು ಇಲ್ಲಿಯ ಹಳಬರ ರೂಢಿ. ಅತ್ತೆಗೆ ಖುಷಿಯೋ ಖುಷಿ.

ಅಲ್ಲಿಂದ ಶುರುವಾಯಿತು ನೋಡಿ. ಮನೆಯಲ್ಲಿ ಎರಡು ಬಾಟಲಿ, ಒಂದೇ ಮುಖ.

ಶನಿವಾರ ನಮ್ಮವರ ಸಹೋದ್ಯೋಗಿಯೊಬ್ಬರು ಊಟಕ್ಕೆ ಬಂದರು. ಬಿಸಿಬೇಳೆಬಾತಿಗೆ ತುಪ್ಪ ಜಾಸ್ತಿಯೇ ಬಿದ್ದಿತ್ತು. ಸ್ಟೈನ್‌ಹೇಗರ್ ನೆನಪಾಗುವುದು ಸಹಜ, ಅಲ್ವಾ? ಅಡುಗೆಕಟ್ಟೆಯ ಮೇಲಿದ್ದ ಬಾಟಲಿಯನ್ನು ಅವರೇ ಎತ್ತಿಕೊಂಡು, ಗ್ಲಾಸಿಗೆ ಬಗ್ಗಿಸಿ, ನಮ್ಮ ಆರೋಗ್ಯ ಹಾರೈಸಿ ಒಂದೇ ಗುಟುಕಿಗೆ ಇಳಿಸಿದರು. ನಮ್ಮ ಕಡೆಯವರಾಗಿದ್ದರೆ ಸಂಕೋಚಕ್ಕೆ "ಚೆನ್ನಾಗಿದೆ" ಅಂದುಬಿಡುತ್ತಿದ್ದರು. ಇವರು ಗ್ಲಾಸು ಕೆಳಗಿಟ್ಟು, ಲೇಬಲ್ ಓದಿ, "ಇದರಲ್ಲಿ ಶೇಕಡಾ 38 ಆಲ್ಕೋಹಾಲ್ ಇಲ್ಲ" ಎಂದರು. ಆಮೇಲೆ, "ಉಗುರುಬೆಚ್ಚಗಿದೆ" ಎಂದರು.

ಅತ್ತೆ ಕಾಲ ಬುಡದಲ್ಲಿ ರಾತ್ರಿಯಿಡೀ ಇದ್ದ ನೀರು ಅದು. ಅದನ್ನು ಜರ್ಮನ್ ಭಾಷೆಗೆ ತರುವ ಧೈರ್ಯ ಯಾರಿಗೂ ಬರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಗಡಿಬಿಡಿಯಲ್ಲಿ ಅಸಲಿ ಬಾಟಲಿಯನ್ನು ಹೊರತೆಗೆದು ಅತಿಥಿ ಸತ್ಕಾರ ಮುಗಿಸಿದ ನಮ್ಮವರು, ರಾತ್ರಿ ನೀರಿನ ಬಾಟಲಿಯನ್ನು ಒಯ್ದು ಫ್ರೀಜರಿಗೆ ಸೇರಿಸಿದರು. ಜಿನ್ ಫ್ರೀಜರಿನಲ್ಲಿ ಹೆಪ್ಪುಗಟ್ಟುವುದಿಲ್ಲ. ನೀರು ಸುಮ್ನೆ ಬಿಡುತ್ತದೆಯೇ? ಬೆಳಿಗ್ಗೆ ಬಾಗಿಲು ತೆಗೆದರೆ ಬಾಟಲಿ ಉದ್ದಕ್ಕೆ ಸೀಳಿತ್ತು. ಬಟಾಣಿಯ ಮೇಲೆಲ್ಲ ಮಣ್ಣಿನ ಚೂರು.

"ನನ್ನ ಭರಣಿ!" ಎಂದರು ಅತ್ತೆ. ಮಗನ ಮುಖ ನೋಡಿದರು. ಆಮೇಲೆ ಕಟ್ಟೆಯ ಮೇಲಿದ್ದ ಇನ್ನೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.

"ಇದರಲ್ಲಿ ಏನೋ ಸ್ವಲ್ಪ ಇದೆ ಕಣೋ. ಇವತ್ತೇ ಖಾಲಿ ಮಾಡಿಕೊಡು. ರಾತ್ರಿಗೆ ಬೇಕು."

ಅಮ್ಮನ ಮಾತನ್ನು ಅವರು ಅಷ್ಟು ಬೇಗ ನಡೆಸಿಕೊಟ್ಟಿದ್ದು ನಾನು ಇನ್ನೆಂದೂ ಕಂಡಿಲ್ಲ.