ಪರರ ಟೆಂಟಿನ ಮುಂದೆ ಒಂದು ಸುತ್ತು

ಕ್ಯಾಂಪ್‌ಗ್ರೌಂಡಿನಲ್ಲಿ ಟೆಂಟು ಹೂಡಿ, ಸಂಜೆಯ ಊಟ ಮುಗಿಸಿ, ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ನಾನು ತಪ್ಪದೆ ಮಾಡುವ ಕೆಲಸವೊಂದಿದೆ. ಕೈಬೀಸಿಕೊಂಡು ರಸ್ತೆಗಿಳಿದು, ಉಳಿದವರೆಲ್ಲ ಹೇಗೆ ಬೀಡು ಬಿಟ್ಟಿದ್ದಾರೆಂದು ನೋಡುತ್ತ ಇಡೀ ಲೂಪನ್ನು, ಅಂದರೆ ಟೆಂಟಿನ ಜಾಗಗಳ ನಡುವೆ ಬಳಸಿ ಬರುವ ರಸ್ತೆಯನ್ನು, ಒಂದು ಸುತ್ತು ಹಾಕಿ ಬರುತ್ತೇನೆ. ಇದನ್ನು ಮಾಡದವರು ಕಡಿಮೆ, ಮಾಡುತ್ತೇವೆಂದು ಒಪ್ಪಿಕೊಳ್ಳುವವರು ಇನ್ನೂ ಕಡಿಮೆ. ಕೆಲವರು ನೀರಿನ ನಲ್ಲಿ ಎಲ್ಲಿದೆಯೆಂದು ನೋಡಿಬರುತ್ತೇನೆ ಎನ್ನುತ್ತಾರೆ, ಕೆಲವರು ತಿಂದದ್ದು ಕರಗಬೇಕು ಎನ್ನುತ್ತಾರೆ, ನಾಯಿ ಸಾಕಿದವರಿಗಂತೂ ನೆಪ ಹುಡುಕುವ ಕಷ್ಟವೇ ಇಲ್ಲ. ನನಗೆ ನಾಯಿಯಿಲ್ಲ, ನಲ್ಲಿ ಸಾಮಾನ್ಯವಾಗಿ ಕಣ್ಣೆದುರಿಗೇ ಇರುತ್ತದೆ. ಆದ್ದರಿಂದ ನೆಪ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಪರರ ಕ್ಯಾಂಪನ್ನು ನೋಡುವುದರಲ್ಲಿ ತಪ್ಪೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ನಡೆದು ನೋಡಬೇಕು, ಕಾರಿನಲ್ಲಿ ಕುಳಿತು ನೋಡಬಾರದು. ಈ ಎರಡನೆಯ ಮಾತನ್ನು ನನ್ನ ಜೊತೆಗೆ ಕ್ಯಾಂಪಿಂಗಿಗೆ ಬರುವವರೇ ಒಪ್ಪುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಅಮೆರಿಕದ ಸರ್ಕಾರಿ ಕ್ಯಾಂಪ್‌ಗ್ರೌಂಡುಗಳಲ್ಲಿ ಎಲ್ಲರಿಗೂ ಸಿಗುವುದು ಹೆಚ್ಚುಕಡಿಮೆ ಒಂದೇ: ಕಾರು ನಿಲ್ಲಿಸಲು ಒಂದು ಚೂರು ಜಾಗ, ಬೆಂಚು ಸೇರಿಸಿದ ಒಂದು ಮೇಜು, ಕಬ್ಬಿಣದ ಬಳೆ ಕೂರಿಸಿದ ಒಂದು ಬೆಂಕಿಗುಂಡಿ, ಸಂಖ್ಯೆ ಬರೆದ ಒಂದು ಗೂಟ. ಅದೇ ನಾಲ್ಕು ಸಾಮಾನುಗಳ ಸುತ್ತ ಜನ ಹೂಡುವ ಸಂಸಾರ ಮಾತ್ರ ಒಂದರಂತೆ ಒಂದಿರುವುದಿಲ್ಲ. ಒಂದು ಕಡೆ ಬಸ್ಸಿನಷ್ಟು ಉದ್ದದ ಮೋಟರ್‌ಹೋಮ್ ನಿಂತಿರುತ್ತದೆ. ಗುಂಡಿ ಒತ್ತಿದರೆ ಅದರ ಪಕ್ಕೆಗಳು ಹೊರಕ್ಕೆ ಸರಿದು ಒಳಗಿನ ಕೋಣೆ ಅಗಲವಾಗುತ್ತದೆ. ಅದರ ಪಕ್ಕದ ಜಾಗದಲ್ಲೇ ಸೈಕಲ್ಲೊಂದನ್ನು ಮರಕ್ಕೆ ಒರಗಿಸಿ, ಮಗುವಿನ ತೊಟ್ಟಿಲಿಗಿಂತ ಸ್ವಲ್ಪವೇ ದೊಡ್ಡದಾದ ಟೆಂಟಿನಲ್ಲಿ ಒಬ್ಬನೇ ಮಲಗಿರುತ್ತಾನೆ. 1930ರ ದಶಕದಿಂದ ಹೆಚ್ಚೇನೂ ಬದಲಾಗದ ಮೈಕಟ್ಟಿನ, ಸಾಲುಸಾಲು ರಿವೆಟ್ಟುಗಳ, ಕಾರಿನ ಹಿಂದೆ ಎಳೆದೊಯ್ಯುವ ಅಲ್ಯೂಮಿನಿಯಂ ಮೈಯ ಏರ್‌ಸ್ಟ್ರೀಮ್ ಟ್ರೇಲರು ಸಂಜೆಯ ಬಿಸಿಲನ್ನು ಇಡೀ ಲೂಪಿಗೆ ಎರಚುತ್ತಿರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟಿಯರ್‌ಡ್ರಾಪ್ ಎಂಬ ಪುಟ್ಟ ಟ್ರೇಲರು. ಒಳಗೆ ಮಲಗುವುದಕ್ಕಷ್ಟೇ ಜಾಗ. ಹಿಂಬದಿಯ ಮುಚ್ಚಳ ಎತ್ತಿದರೆ ಅಲ್ಲೇ ಒಲೆ, ಅಲ್ಲೇ ಕಪಾಟು, ಅಲ್ಲೇ ಇಡೀ ಅಡುಗೆಮನೆ, ಮೇಲೆತ್ತಿದ ಆ ಮುಚ್ಚಳವೇ ಅಡುಗೆಯವರ ತಲೆಗೆ ಸೂರು.

ಕಲಿಯುವುದಕ್ಕೂ ಇಷ್ಟು ಒಳ್ಳೆಯ ಜಾಗ ಬೇರೆಯಿಲ್ಲ. ಒಮ್ಮೆ ಜಿಟಿಜಿಟಿ ಮಳೆಯಲ್ಲೇ ಸುತ್ತು ಹೊರಟಿದ್ದೆ. ವಯಸ್ಸಾದ ಹೆಂಗಸೊಬ್ಬರು ಎರಡು ಮರಗಳ ನಡುವೆ ಹಗ್ಗ ಎಳೆದು, ಅದರ ಮೇಲೆ ಟಾರ್ಪಾಲು ಹೊದಿಸಿ, ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಟಾರ್ಪಾಲಿನ ಎರಡೂ ತುದಿಗೆ ಗೇಣುದ್ದ ಬಿಟ್ಟು, ಹಗ್ಗಕ್ಕೆ ಒಂದೊಂದು ಮೋಟು ದಾರ ಕಟ್ಟಿ ಇಳಿಬಿಟ್ಟಿದ್ದರು. ಅದೇಕೆಂದು ಹೊಳೆಯದೆ ರಸ್ತೆಯಲ್ಲೇ ನಿಂತು ನೋಡಿದೆ. ಮರದ ಕಾಂಡದಿಂದ ಇಳಿದ ನೀರು ಹಗ್ಗದಗುಂಟ ಹರಿದು ಬರುತ್ತಿತ್ತು, ದಾರದ ಬಳಿ ಒಂದು ಕ್ಷಣ ಗುಂಡಗಾಗಿ ನಿಲ್ಲುತ್ತಿತ್ತು, ಆಮೇಲೆ ಆ ದಾರವನ್ನೇ ಹಿಡಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಟಾರ್ಪಾಲಿನ ಒಳಗಿನ ಹಗ್ಗ ಒಣಗಿಯೇ ಇತ್ತು. ನಾನು ನಿಂತದ್ದನ್ನು ಕಂಡ ಅವರು ಕರೆದು, ಟಾರ್ಪಾಲಿನ ಮೂಲೆಯ ಗಂಟುಗಳನ್ನೂ ತೋರಿಸಿದರು. ಕೈಯಿಂದ ತಳ್ಳಿದರೆ ಸರಿಯುವ, ಹಗ್ಗ ಬಿಗಿದಾಗ ಕಚ್ಚಿಕೊಳ್ಳುವ ಜಾತಿಯ ಗಂಟು ಅದು. ಆ ಮೋಟು ದಾರ ಅಂದಿನಿಂದ ನನ್ನ ಚೀಲದಲ್ಲಿದೆ. ಕಾರಿನ ಕಿಟಕಿಯಿಂದ ನೋಡಿದ್ದರೆ ನನಗೆ ಕಾಣುತ್ತಿದ್ದದ್ದು ಒಂದು ನೀಲಿ ಟಾರ್ಪಾಲು, ಅಷ್ಟೇ.

ಇನ್ನೊಂದು ಲಾಭವೂ ಇದೆ. ಅಮೆರಿಕದ ಒಕ್ಕೂಟ ಸರ್ಕಾರದ ಎಷ್ಟೋ ಕ್ಯಾಂಪ್‌ಗ್ರೌಂಡುಗಳ ಜಾಗಗಳನ್ನು ತಿಂಗಳುಗಟ್ಟಲೆ ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಬೇಕು. ನಕ್ಷೆಯ ಮೇಲೆ ಎಲ್ಲ ಜಾಗಗಳೂ ಒಂದೇ ಬಗೆಯ ಚುಕ್ಕಿಗಳು; ಜೊತೆಗಿರುವ ಚಿತ್ರದಲ್ಲಿ ಮೇಜೊಂದು ಕಾಣುತ್ತದೆ, ನೆಲದ ಇಳಿಜಾರು ಕಾಣುವುದಿಲ್ಲ. ಶೌಚಾಲಯದ ಬಾಗಿಲು ರಾತ್ರಿಯಿಡೀ ಧಡ್ಡೆಂದು ಬಡಿದುಕೊಳ್ಳುವುದು, ಅದರ ದೀಪ ನೇರವಾಗಿ ಟೆಂಟಿಗೇ ಬೀಳುವುದು, ಮಳೆ ಬಂದರೆ ನೀರು ಮಡುಗಟ್ಟುವ ತಗ್ಗು, ಬೆಳಗಿನ ಬಿಸಿಲು ಮೊದಲು ಬೀಳುವ ಮೂಲೆ, ಇವೆಲ್ಲ ಕಾಲಿನಿಂದ ಸುತ್ತಿದವರಿಗೆ ಮಾತ್ರ ತಿಳಿಯುವ ಸಂಗತಿಗಳು. ನನ್ನ ಬಳಿ ಇದಕ್ಕಾಗಿಯೇ ಒಂದು ನೋಟ್‌ಬುಕ್ಕಿದೆ. "27: ನೆರಳು, ಸಮತಟ್ಟು, ನಲ್ಲಿ ಹತ್ತಿರ. 31: ದೂರದಿಂದ ಚಂದ, ಬೇರುಗಳ ಮೇಲೆ ಮಲಗಬೇಕು." ಮನೆಯವರು ಅದನ್ನು ನೋಡಿ ನಗುತ್ತಾರೆ, ಬುಕಿಂಗ್ ದಿನ ಬಂದಾಗ ಮಾತ್ರ ಆ ನೋಟ್‌ಬುಕ್ ಎಲ್ಲಿ ಎಂದು ಅವರೇ ಕೇಳುತ್ತಾರೆ.

ಇನ್ನು ಕಾರಿನ ವಿಷಯ. ನಾವು ಸುತ್ತುವ ಈ ಲೂಪು ಎಂಬ ಏಕಮುಖ ರಸ್ತೆ ಹೇಗೆ ಬಂತೆಂಬುದು ತಿಳಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. 1920ರ ದಶಕದಲ್ಲಿ ಕಾರುಗಳು ಕಾಡಿಗೆ ನುಗ್ಗಿದಾಗ ಜನ ಮನಬಂದ ಕಡೆ, ಮರದ ಬುಡದವರೆಗೂ ಓಡಿಸಿ ಟೆಂಟು ಹಾಕುತ್ತಿದ್ದರು. ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞರು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಎಂಬ ದೈತ್ಯ ಮರಗಳ ತೋಪುಗಳನ್ನು ಪರಿಶೀಲಿಸಿ, ಚಕ್ರಗಳೂ ಕಾಲುಗಳೂ ತುಳಿದು ತುಳಿದು ಮಣ್ಣು ಗಟ್ಟಿಯಾಗಿ, ಮೇಲ್ಪದರದಲ್ಲೇ ಹರಡಿರುವ ಬೇರುಗಳಿಗೆ ಪೆಟ್ಟು ಬೀಳುತ್ತಿದೆ ಎಂದು ಎಚ್ಚರಿಸಿದರು. 1930ರ ದಶಕದ ಆರಂಭದಲ್ಲಿ ಅವರು ಮುಂದಿಟ್ಟ ಪರಿಹಾರವೇ ಇಂದಿನ ಕ್ಯಾಂಪ್‌ಗ್ರೌಂಡಿನ ಅಚ್ಚು: ಏಕಮುಖ ರಸ್ತೆ, ಅದರಿಂದ ಓರೆಯಾಗಿ ಕವಲೊಡೆದು ಒಂದೊಂದು ಕಾರು ನಿಲ್ಲುವ ಜಾಗ, ಅದರಾಚೆ ಹೋಗದಂತೆ ಅಡ್ಡಲಾಗಿ ಬಂಡೆ ಅಥವಾ ಮರದ ದಿಮ್ಮಿ, ನೆಲದಲ್ಲಿ ನೆಟ್ಟ ಮೇಜು, ಒಂದೇ ಕಡೆ ಬೆಂಕಿ, ಎರಡು ಜಾಗಗಳ ನಡುವೆ ಮರೆಗೆ ಗಿಡಗಳು. ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು 1933ರಿಂದ 1942ರವರೆಗೆ ನಡೆದ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ಸರ್ಕಾರಿ ಯೋಜನೆಯ ಹುಡುಗರು ದೇಶದ ಉದ್ದಗಲಕ್ಕೂ ಈ ಮಾದರಿಯ ಕ್ಯಾಂಪ್‌ಗ್ರೌಂಡುಗಳನ್ನು ಕಟ್ಟಿದರು. ಅಂದರೆ ಈ ರಸ್ತೆ ಹುಟ್ಟಿದ್ದೇ ಕಾರನ್ನು ಒಂದು ಕಡೆ ಕಟ್ಟಿಹಾಕುವುದಕ್ಕೆ. ಕಟ್ಟಿಹಾಕಿದ್ದನ್ನು ಬಿಚ್ಚಿಕೊಂಡು, ಮೇವಿಗೆ ಬಿಟ್ಟ ಎತ್ತಿನಂತೆ ಅದೇ ರಸ್ತೆಯಲ್ಲಿ ಸುತ್ತಾಡಿಸುವುದು ನನಗೇಕೋ ಸರಿಕಾಣುವುದಿಲ್ಲ.

ನಿಧಾನವಾಗಿಯೇ ಹೋಗುತ್ತೇವಲ್ಲ, ಯಾರಿಗೇನು ತೊಂದರೆ ಎಂದು ಕೇಳುತ್ತಾರೆ. ನಿಧಾನವಾಗಿ ಹೋಗುವುದೇ ತೊಂದರೆ. ಗಂಟೆಗೆ ಐದು ಮೈಲಿಯಲ್ಲಿ ತೆವಳುವ ಕಾರಿನ ಸದ್ದು, ಚಕ್ರದಡಿ ಜಲ್ಲಿ ಕಿರಗುಟ್ಟುವುದು, ಅದು ಬಿಟ್ಟ ಹೊಗೆ, ಎಲ್ಲವೂ ಬೇಗ ಮುಗಿಯುವುದೇ ಇಲ್ಲ. ಊಟಕ್ಕೆ ಕುಳಿತವರಿಗೆ ಒಳಗಿರುವ ಮುಖಗಳು ಸರಿಯಾಗಿ ಕಾಣುವುದಿಲ್ಲ. ತಮ್ಮನ್ನು ಯಾರೋ ಗಾಜಿನ ಹಿಂದಿನಿಂದ ನೋಡುತ್ತಿದ್ದಾರೆ ಎಂಬುದು ಮಾತ್ರ ಗೊತ್ತಾಗುತ್ತದೆ. ನಡೆದು ಹೋಗುವವನ ಮುಖ ಕಾಣುತ್ತದೆ, ಅವನು ಕೈಯೆತ್ತುತ್ತಾನೆ, ಇವರೂ ಎತ್ತುತ್ತಾರೆ, ನೋಡಿದ್ದಕ್ಕೆ ನೋಡಿಸಿಕೊಂಡದ್ದಕ್ಕೆ ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ. ಇದರ ಮೇಲೆ, ಆ ಲೂಪು ಮಕ್ಕಳ ಸೈಕಲ್ ಪಂದ್ಯದ ಮೈದಾನವೂ ಹೌದು. ತಿರುವಿನಲ್ಲಿ ಎದುರಾಗುವ ಐದು ವರ್ಷದ ಸವಾರನಿಗೆ ಏಕಮುಖ ರಸ್ತೆಯ ಬಾಣದ ಗುರುತಿನ ಪರಿವೆ ಇರುವುದಿಲ್ಲ.

ಇಷ್ಟೆಲ್ಲ ಹೇಳುವ ನಾನು ಹುಟ್ಟಿನಿಂದಲೇ ಸಭ್ಯನೆಂದು ತಿಳಿಯಬೇಡಿ. ಕ್ಯಾಂಪಿಂಗ್ ಶುರುಮಾಡಿದ ಮೊದಲ ವರ್ಷ, ಸೌದೆ ತರಲು ಹೋಗಿ ತಡವಾಗಿ ಮರಳಿದವನು, ಹೇಗೂ ಬಂದದ್ದಾಯಿತಲ್ಲ ಎಂದು ಕತ್ತಲಾದ ಮೇಲೂ ಇಡೀ ಲೂಪನ್ನು ಕಾರಿನಲ್ಲಿ ಎರಡು ಸಲ ಸುತ್ತಿದ್ದೆ. ಎರಡನೆಯ ಸುತ್ತಿನಲ್ಲಿ ಒಂದು ತಿರುವಿಗೆ ಬಂದಾಗ ಹೆಡ್‌ಲೈಟಿನ ಬೆಳಕು ಒಂದು ಟೆಂಟಿನ ಮೇಲೆ ಪೂರ್ತಿ ಬಿತ್ತು. ತೆಳುವಾದ ಬಟ್ಟೆ ಲಾಟೀನಿನಂತೆ ಹೊತ್ತಿಕೊಂಡಿತು. ಒಳಗೆ ಎದ್ದು ಕುಳಿತ ತಾಯಿಯೊಬ್ಬಳ ನೆರಳು, ಅವಳ ತೋಳಿನಲ್ಲಿ ಕೈಕಾಲು ಬಡಿಯುವ ಮಗುವಿನ ನೆರಳು ಕಂಡವು. ಮಗು ಅಳುವುದು ಮುಚ್ಚಿದ ಕಿಟಕಿಯೊಳಗೂ ಕೇಳಿಸಿತು. ದೀಪ ಆರಿಸೋಣವೆಂದರೆ ಈಗಿನ ಕಾರುಗಳ ದೀಪ ನಾವು ಹೇಳಿದಂತೆ ಎಲ್ಲಿ ಕೇಳುತ್ತದೆ! ನನ್ನ ಜಾಗಕ್ಕೆ ಬಂದು ಕಾರಿಗೆ ಬೀಗ ಹಾಕಿದರೆ ಅದು ಬೀಪ್ ಎಂದು ಕೂಗಿ, ಮಲಗಿದ್ದ ಉಳಿದವರಿಗೂ ಸುದ್ದಿ ಮುಟ್ಟಿಸಿತು. ರಾಷ್ಟ್ರೀಯ ಉದ್ಯಾನಗಳ ಬಹುತೇಕ ಕ್ಯಾಂಪ್‌ಗ್ರೌಂಡುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ ಎಂಬ ನಿಯಮವಿದೆ. ಅಂದು 10 ಗಂಟೆಯಾಗಿರಲಿಲ್ಲ, ನಿಯಮವನ್ನು ನಾನು ಮುರಿದಿರಲಿಲ್ಲ. ಮರುದಿನ ಆ ತಾಯಿ ನಲ್ಲಿಯ ಬಳಿ ಸಿಕ್ಕಾಗ ಅದನ್ನು ಹೇಳುವ ಮುಖ ಮಾತ್ರ ನನಗಿರಲಿಲ್ಲ.

ಕಾರಿನಲ್ಲಿ ಸುತ್ತಲೇಬೇಕಾದ ಸಂದರ್ಭಗಳಿವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿಯ ಕ್ಯಾಂಪ್‌ಗ್ರೌಂಡಿನಲ್ಲಿ ಬೆಳಿಗ್ಗೆ ಬಂದು, ಯಾರು ಗಂಟುಮೂಟೆ ಕಟ್ಟುತ್ತಿದ್ದಾರೆ, ಯಾವ ಗೂಟದ ಚೀಟಿಯ ಮೇಲೆ ಜಾಗ ಬಿಡುವ ದಿನವೆಂದು ಇಂದಿನ ತಾರೀಖಿದೆ ಎಂದು ಹುಡುಕುವವರು ಇನ್ನೇನು ಮಾಡಬೇಕು? ನಡೆಯಲಾಗದವರು ಹಗಲಿನಲ್ಲಿ ಒಂದು ಸುತ್ತು ನೋಡಿ ಬರುವುದನ್ನು ಆಕ್ಷೇಪಿಸುವಷ್ಟು ಕಲ್ಲುಮನಸ್ಸೂ ನನ್ನದಲ್ಲ. ನಾನು ಹೇಳುತ್ತಿರುವುದು ಟೆಂಟು ಹಾಕಿಯಾದ ಮೇಲೆ, ಕಾಲು ಗಟ್ಟಿಯಿದ್ದೂ, ಕೀಲಿಕೈ ಹಿಡಿದು ಎದ್ದು ಹೊರಡುವವರ ಬಗ್ಗೆ.

ನೋಡುವುದೇ ತಪ್ಪು, ಅದು ಪರರ ಖಾಸಗಿತನಕ್ಕೆ ಕೈಹಾಕಿದಂತೆ ಎನ್ನುವವರೂ ಇದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಗೋಡೆಯಿಲ್ಲದ ಮನೆ ಹೂಡಿದವರಿಗೆ ದಾರಿಹೋಕರ ಕಣ್ಣು ಬೀಳುತ್ತದೆಂಬುದು ಗೊತ್ತೇ ಇರುತ್ತದೆ. ಎಷ್ಟೋ ಜನ ದೀಪಗಳ ಸರ ಕಟ್ಟುವುದೇ ಅದಕ್ಕಾಗಿ. ಈ ನೋಡುವ ಚಟವೇನೂ ಹೊಸದಲ್ಲ. ಕಾರು ತಯಾರಕ ಹೆನ್ರಿ ಫೋರ್ಡ್, ಸಂಶೋಧಕ ಥಾಮಸ್ ಎಡಿಸನ್, ಟೈರು ತಯಾರಕ ಹಾರ್ವೆ ಫೈರ್‌ಸ್ಟೋನ್ ನೂರು ವರ್ಷಗಳ ಹಿಂದೆ ಜೊತೆಯಾಗಿ ಕ್ಯಾಂಪಿಂಗ್ ಹೋಗುತ್ತಿದ್ದಾಗ ಬ್ಯಾಟರಿಯ ವಿದ್ಯುದ್ದೀಪಗಳು, ಬಾಣಸಿಗರು, ನಡುಭಾಗ ತಿರುಗುವ ದೊಡ್ಡ ದುಂಡುಮೇಜು ಎಲ್ಲವೂ ಲಾರಿಗಳಲ್ಲಿ ಜೊತೆಗೆ ಹೋಗುತ್ತಿದ್ದವು, ನೋಡಲು ಊರಿಗೆ ಊರೇ ನೆರೆಯುತ್ತಿತ್ತು. 1921ರಲ್ಲಿ ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ಅವರೇ ಮೇರಿಲ್ಯಾಂಡ್ ರಾಜ್ಯದಲ್ಲಿದ್ದ ಈ ಮೂವರ ಕ್ಯಾಂಪಿಗೆ ಬಂದು ಸೇರಿಕೊಂಡಿದ್ದರು. ಹಾಗೆ ನೋಡಿಸಿಕೊಳ್ಳುವುದು ಆ ಮೂವರಿಗೂ ಬೇಕಿತ್ತು ಎಂಬುದು ಬೇರೆ ಮಾತು.

ಆದರೆ ನೋಟಕ್ಕೂ ಒಂದು ಗಡಿಯಿದೆ, ರಸ್ತೆಯ ಅಂಚೇ ಆ ಗಡಿ. ಶೌಚಾಲಯಕ್ಕೆ ಹತ್ತಿರದ ದಾರಿಯೆಂದು ಬೇರೆಯವರ ಮೇಜಿಗೂ ಟೆಂಟಿಗೂ ನಡುವೆ ನುಗ್ಗಿ ಹೋಗುವುದಕ್ಕಿಂತ ದೊಡ್ಡ ಅಪರಾಧ ಕ್ಯಾಂಪ್‌ಗ್ರೌಂಡಿನಲ್ಲಿಲ್ಲ. ಫೋನು ಎತ್ತಿ ಚಿತ್ರ ತೆಗೆಯುವುದೂ ಬೇಡ. ಕುರ್ಚಿಗಳು ರಸ್ತೆಗೆ ಬೆನ್ನು ಮಾಡಿದ್ದರೆ ಅದು ಸೂಚನೆ, ಸುಮ್ಮನೆ ಮುಂದೆ ನಡೆಯಬೇಕು. ಮತ್ತೆ, ದೊಡ್ಡ ಟ್ರೇಲರನ್ನು ಹಿಮ್ಮುಖವಾಗಿ ಒಳತರಲು ಗಂಡ ಚಕ್ರ ತಿರುಗಿಸುತ್ತ, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡುತ್ತ, ಇಬ್ಬರ ದನಿಯೂ ಏರುತ್ತಿರುವ ಹೊತ್ತಿನಲ್ಲಿ ದಯವಿಟ್ಟು ನಿಂತು ನೋಡಬೇಡಿ. ನೋಡಬೇಕೆನ್ನಿಸುತ್ತದೆ ನಿಜ, ನನಗೂ ಅನ್ನಿಸುತ್ತದೆ.

ಹೋದ ಬೇಸಿಗೆಯಲ್ಲಿ ನೋಟ್‌ಬುಕ್ಕಿನಲ್ಲಿಲ್ಲದ ಹೊಸ ಜಾಗವೊಂದರಲ್ಲಿ ಇಳಿದಿದ್ದೆವು. ನೆಲ ಸಮವಾಗಿದೆಯೆಂದು ನಂಬಿ ಮಲಗಿದೆವು; ರಾತ್ರಿಯಿಡೀ ಜಾರಿ ಜಾರಿ, ಬೆಳಗಾಗುವಾಗ ಇಬ್ಬರೂ ಟೆಂಟಿನ ಬಾಗಿಲಿನ ಬಳಿ ಒಬ್ಬರ ಮೇಲೊಬ್ಬರು ರಾಶಿಯಾಗಿದ್ದೆವು. ಹೊರಡಲು ಟೆಂಟು ಮಡಚುತ್ತಿದ್ದಾಗ, ಕಾಫಿಯ ಲೋಟ ಹಿಡಿದು ಲೂಪು ಸುತ್ತುತ್ತಿದ್ದ ಒಬ್ಬಾತ ರಸ್ತೆಯಲ್ಲೇ ನಿಂತು, ಒಳಗೆ ಕಾಲಿಡದೆ, ಈ ಜಾಗ ಹೇಗಿದೆ, ಮುಂದಿನ ವರ್ಷಕ್ಕೆ ನೋಡುತ್ತಿದ್ದೇನೆ ಎಂದು ಕೇಳಿದ. ನಾನು ಕೈಯಲ್ಲಿದ್ದ ಗೂಟವನ್ನು ಕೆಳಗಿಟ್ಟು, ತಲೆ ಯಾವ ಕಡೆಗೆ ಹಾಕಬೇಕೆಂದು ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಅವನು ಜೇಬಿನಿಂದ ಪುಟ್ಟದೊಂದು ಪುಸ್ತಕ ತೆಗೆದು ಬರೆದುಕೊಂಡ.