ಪ್ಲೇ ಒತ್ತಿದರೆ ಪ್ಲೇ ಆಗಬೇಕು, ಅಷ್ಟೇ!

ಹಾಡು ನನ್ನದು. ಫೈಲು ನನ್ನ ಹಾರ್ಡ್ ಡಿಸ್ಕಿನಲ್ಲೇ ಇದೆ. ಕಂಪ್ಯೂಟರೂ ನನ್ನದೇ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹಾಡು ಬರಬೇಕು ತಾನೇ? ಬರುವುದು ‘ಸೈನ್ ಇನ್ ಮಾಡಿ’ ಅನ್ನೋ ವಿಂಡೋ! ನನ್ನದೇ ಹಾಡು ಕೇಳೋಕೆ ಪಾಸ್‌ವರ್ಡ್ ಯಾಕಪ್ಪಾ?

ಕಂಪ್ಯೂಟರಿನ ಜೊತೆಗೇ ಬಂದ ಪ್ಲೇಯರ್ ಇದು, ಹೆಸರು ಬೇಡ ಬಿಡಿ. ಮೊದಲು ಚೆನ್ನಾಗಿಯೇ ಇತ್ತು. ಒಂದು ಲಿಸ್ಟು, ನಾಲ್ಕು ಬಟನ್ನು, ಕೆಲಸ ಮುಗೀತು. ಯಾರಿಗೆ ಏನು ತೋಚಿತೋ, ಅಪ್‌ಡೇಟ್ ಮಾಡಿ ಅಂಗಡಿ ಮಾಡಿಟ್ಟರು. ತೆರೆದರೆ ‘ನಿಮಗಾಗಿ’ ಅಂತ ನಾನು ಕೇಳದ ಹಾಡುಗಳ ಸಾಲು. ಅದರ ಕೆಳಗೆ ಜಾಹೀರಾತು. ನನ್ನ ಹಾಡುಗಳು ಎಲ್ಲಿವೆ ಅಂತ ಮೆನುವಿನೊಳಗೆ ಮೆನು ಬಿಚ್ಚಿ ಹುಡುಕಬೇಕು.

ಅಷ್ಟಕ್ಕೇ ಬಿಟ್ಟಿದ್ದರೆ ಸುಮ್ನೆ ಇರ್ತಿದ್ದೆ. ಇಡೀ ಡಿಸ್ಕನ್ನು ಜಾಲಾಡಿ, ಶಬ್ದ ಅಂತ ಏನು ಸಿಕ್ಕಿತೋ ಅದನ್ನೆಲ್ಲ ‘ಸಂಗೀತ’ ಅಂತ ಸೇರಿಸಿಕೊಂಡಿದೆ. ಗೇಮಿನ ಟಿಂಗ್ ಸದ್ದು, ಫೋನಿನಿಂದ ಕಾಪಿ ಮಾಡಿಟ್ಟ ವಾಯ್ಸ್ ಮೆಸೇಜು, ಎಲ್ಲವೂ ಹಾಡೇ. ಶಫಲ್ ಹಾಕಿದ್ದೆ. ಒಳ್ಳೆಯ ನಿಧಾನದ ಹಾಡೊಂದು ಮುಗಿಯಿತು. ಅದರ ಹಿಂದೆಯೇ ‘ಹಲೋ, ಕೇಳಿಸ್ತಾ ಇದೆಯಾ?’ ಅಂತ ಯಾರದೋ ದನಿ. ಕೇಳಿಸ್ತಾ ಇದೆ, ಅದೇ ತೊಂದರೆ.

ಇನ್ನು ಟ್ಯಾಗ್‌ಗಳ ಕಥೆ, ಅಂದರೆ ಫೈಲಿನೊಳಗೇ ಬರೆದಿಟ್ಟ ಹಾಡಿನ, ಹಾಡಿದವರ ಹೆಸರುಗಳದ್ದು. ಕೂತು ಒಂದೊಂದಾಗಿ ತಿದ್ದಿಟ್ಟ ಹೆಸರುಗಳನ್ನು ‘ಸರಿ ಮಾಡಿದ್ದೇವೆ’ ಅಂತ ಇದು ಕೇಳದೇ ಬದಲಾಯಿಸಿದೆ. ಒಂದು ಹಾಡಿನಲ್ಲಿ ಜೊತೆಗೆ ಇನ್ನೊಬ್ಬರು ಹಾಡಿದ್ದರೆ ಸಾಕು, ಆ ಹಾಡು ಬೇರೆ ಆಲ್ಬಮ್ ಆಗಿ ಆಚೆ ಹೋಗಿ ಕೂರುತ್ತದೆ. ‘ಆಲ್ಬಮ್ ಆರ್ಟಿಸ್ಟ್’ ಅಂತ ಒಂದು ಫೀಲ್ಡ್ ಇರೋದೇ ಇದಕ್ಕೆ. ನಾನು ತುಂಬಿಟ್ಟಿದ್ದೇನೆ. ಓದೋಕೆ ಏನು ಕಷ್ಟ? ಕನ್ನಡದ ಹೆಸರುಗಳಂತೂ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಹಳೆಯ ಐಡಿ3ವಿ1 ಟ್ಯಾಗಿನಲ್ಲಿ ಹಾಡಿನ ಹೆಸರಿಗೆ ಇದ್ದ ಜಾಗ ಬರೀ 30 ಬೈಟು, ಕನ್ನಡದಂಥ ಲಿಪಿಗಳಿಗೂ ಜಾಗ ಕೊಡುವ ಯುನಿಕೋಡಿನ ಮಾತೇ ಇರಲಿಲ್ಲ. ಆ ಕಾಲದ್ದು, ಒಪ್ಪೋಣ. ಆದರೆ ಆಮೇಲೆ ಬಂದ ಐಡಿ3ವಿ2ರಲ್ಲಿ ಯುನಿಕೋಡ್ ಇದೆ, ನನ್ನ ಫೈಲುಗಳಲ್ಲೂ ಅದೇ ಇದೆ. ಬೇರೆ ಪ್ಲೇಯರಿನಲ್ಲಿ ಅದೇ ಹೆಸರು ಅಚ್ಚುಕಟ್ಟಾಗಿ ಕಾಣಿಸುತ್ತದೆ!

ಒಂದಕ್ಕೊಂದು ಅಂಟಿಕೊಂಡೇ ಸಾಗುವ ಹಾಡುಗಳಿದ್ದರೆ ನಡುನಡುವೆ ಚೂರು ಮೌನ. ಎಂಪಿ3 ಮಾಡುವಾಗ ಹಾಡಿನ ಹಿಂದೆ ಮುಂದೆ ಸ್ವಲ್ಪ ಖಾಲಿ ಸೇರಿಕೊಳ್ಳುತ್ತದೆ. ಎಷ್ಟು ಸೇರಿದೆ ಅಂತ ಎಂಪಿ3 ಮಾಡುವ ಲೇಮ್ ಅನ್ನೋ ತಂತ್ರಾಂಶ ಫೈಲಿನಲ್ಲೇ ಬರೆದಿಡುತ್ತದೆ. ಅದನ್ನು ಓದಿ ಕತ್ತರಿಸಿದರೆ ಆಯ್ತು. ಆದರೆ ಅದಕ್ಕೆ ಪುರುಸೊತ್ತಿಲ್ಲ, ಬಟನ್ನಿನ ಮೂಲೆ ದುಂಡಗೆ ಮಾಡೋಕೆ ಬೇಕಾದಷ್ಟು ಪುರುಸೊತ್ತಿದೆ.

ವಿಡಿಯೋದಲ್ಲಿ ಇನ್ನೂ ಉರಿಯುತ್ತದೆ. ನನ್ನದೇ ಫೋನಿನಲ್ಲಿ ತೆಗೆದ ವಿಡಿಯೋ. ಸೌಂಡ್ ಬರುತ್ತದೆ, ಚಿತ್ರ ಕಪ್ಪು. ಜೊತೆಗೆ ಒಂದು ಮೆಸೇಜು: ಇದನ್ನು ನೋಡಲು ಕೋಡೆಕ್ ಬೇಕು, ದುಡ್ಡು ಕೊಟ್ಟು ಹಾಕಿಕೊಳ್ಳಿ. ಕೋಡೆಕ್ ಅಂದರೆ ವಿಡಿಯೋವನ್ನು ಕುಗ್ಗಿಸಿಡುವ, ಮತ್ತೆ ಬಿಚ್ಚಿ ತೋರಿಸುವ ವಿಧಾನ. ಫೋನು ಎಚ್‌ಇವಿಸಿಯಲ್ಲಿ ರೆಕಾರ್ಡ್ ಮಾಡಿದೆಯಂತೆ. 2013ರಲ್ಲಿ ಬಂದ ಕೋಡೆಕ್ ಅದು. ಅದರ ಪೇಟೆಂಟುಗಳು ಒಂದಲ್ಲ, ಹಲವು ಕಂಪನಿಗಳ ಕೈಯಲ್ಲಿವೆ. ಅವರವರ ಪಾಲಿನ ಜಗಳಕ್ಕೆ ನಾನು ಯಾಕೆ ದುಡ್ಡು ಕೊಡಬೇಕು? ಎಂಪಿ3ರ ಪೇಟೆಂಟ್ ಲೈಸೆನ್ಸಿಂಗ್ ಕೂಡ 2017ರಲ್ಲಿ ನಿಂತಿತು. ಎಚ್‌ಇವಿಸಿಗೂ ಅಂಥ ದಿನ ಬರೋ ತನಕ ಕಾಯಬೇಕಾ? ಬಿಟ್ಟಿ ಕೋಡೆಕ್ ಹುಡುಕಲು ಹೋದರೆ ಒಂದೇ ಪುಟದಲ್ಲಿ ಮೂರು ‘ಡೌನ್‌ಲೋಡ್’ ಬಟನ್ನು, ಅದರಲ್ಲಿ ಎರಡು ಖೋಟಾ.

‘ವಿಎಲ್‌ಸಿ ಹಾಕ್ಕೊಳ್ಳಿ’ ಅಂತೀರಾ, ಗೊತ್ತು. ಹಾಕ್ಕೊಂಡಿದ್ದೇನೆ. ಪ್ಯಾರಿಸ್ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಪ್ಲೇಯರ್ ಅದು. 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಕೋಡೆಕ್‌ಗಳನ್ನು ತನ್ನೊಳಗೇ ಹೊತ್ತು ತರುತ್ತದೆ, ಅಕೌಂಟ್ ಕೇಳಲ್ಲ, ಜಾಹೀರಾತಿಲ್ಲ. ಕಪ್ಪಗಿದ್ದ ಆ ವಿಡಿಯೋ ತಕ್ಷಣ ಓಡಿತು. ಓದೋ ಹುಡುಗರು ಶುರು ಮಾಡಿದ ಕೆಲಸ ಇಷ್ಟು ದೂರ ಬಂದಿದೆ, ಕೋಟಿಗಟ್ಟಲೆ ದುಡ್ಡಿರೋ ಕಂಪನಿಗೆ ಏನು ರೋಗ?

ಹಾಡಿಗೆ ಮಾತ್ರ ನಾನು ಫೂಬಾರ್ 2000 ಅನ್ನೋ ಪ್ಲೇಯರ್ ಇಟ್ಟುಕೊಂಡಿದ್ದೇನೆ. ನೋಡೋಕೆ ಆಫೀಸಿನ ಲೆಕ್ಕದ ಹಾಳೆ, ಅಂದಚಂದ ಕೇಳಬೇಡಿ. ಆದರೆ ಹಾಡುಗಳ ನಡುವೆ ಮೌನ ತುರುಕಲ್ಲ. ಸದ್ದನ್ನು ಒಂದೇ ಮಟ್ಟಕ್ಕೆ ತರುವ ರೀಪ್ಲೇಗೇನ್ ಹಾಕಿದರೆ ಒಂದು ಹಾಡು ಪಿಸುಗುಟ್ಟಿ, ಮುಂದಿನದು ಕಿವಿ ಹರಿಯೋ ಕಾಟವೂ ತಪ್ಪುತ್ತದೆ. ಹೇಳಿದಷ್ಟು ಮಾಡಿ ಸುಮ್ಮನಿರುತ್ತದೆ. ಹೀಗೆ ಹಾಡಿಗೊಂದು, ವಿಡಿಯೋಗೊಂದು. ಎರಡನ್ನೂ ಡಿಫಾಲ್ಟ್ ಮಾಡಿಟ್ಟರೆ, ಮುಂದಿನ ಅಪ್‌ಡೇಟಿಗೆ ಹಳೆಯದು ಮತ್ತೆ ಬಂದು ಫೈಲುಗಳ ಮೇಲೆ ತನ್ನ ಐಕಾನ್ ಅಂಟಿಸಿರುತ್ತದೆ. ‘ನಿಮಗೆ ಇದೇ ಉತ್ತಮ’ ಅಂತೆ. ನಾನು ಕೇಳಿದ್ನಾ?

ಇನ್ನೂ ಒಳ್ಳೆಯದು ಯಾವುದಾದರೂ ಇದ್ದರೆ ಧಾರಾಳವಾಗಿ ಹೇಳಿ. ಇಂಟರ್‌ನೆಟ್ ಇಲ್ಲದೆ ಹಾಡುತ್ತಾ? ನನ್ನ ಟ್ಯಾಗ್‌ಗಳನ್ನು ಮುಟ್ಟದೆ ಇರುತ್ತಾ? ಕನ್ನಡ ಸಬ್‌ಟೈಟಲ್ ಹಾಕಿದರೆ ‘ಅಕ್ಕ’ ಅಂತಲೇ ಬರುತ್ತಾ, ಇಲ್ಲ ‘ಅಕ್‌ಕ’ ಅಂತ ಒತ್ತಕ್ಷರ ಬಿಡಿಯಾಗುತ್ತಾ? ಇಷ್ಟು ನೋಡಿಕೊಂಡು ಹೇಳಿ. ‘ಡಾರ್ಕ್ ಮೋಡ್ ಸಕ್ಕತ್ತಾಗಿದೆ’ ಅಂತ ಹೇಳೋಕೆ ಮಾತ್ರ ಬರಬೇಡಿ.