ಹಾಸ್ಪಿಸ್ ಬೇರೆ, ಉಪಶಾಮಕ ಆರೈಕೆ ಬೇರೆ ಎಂದು ಗೆರೆ ಎಳೆಯಬೇಕೆ?

ಹಾಸ್ಪಿಸ್ ಎಂದರೆ ಸಾವಿನ ಸಮೀಪದಲ್ಲಿರುವವರ ಆರೈಕೆ, ಅದು ನಡೆಯುವ ತಾಣ; ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಎಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ.

ಪರ

ಬ್ರಿಟನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದದ್ದು, ಸಾವಿನ ಹೊಸ್ತಿಲಲ್ಲಿರುವವರ ಆರೈಕೆ ಅದರದೇ ಆದ ವಿದ್ಯೆ ಎಂಬ ನಂಬಿಕೆಯಿಂದ. ನೋವು ಮರುಕಳಿಸಿ ರೋಗಿ ಅಂಗಲಾಚುವವರೆಗೆ ಕಾಯದೆ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡಬೇಕೆಂದು ಅವರು ಪಟ್ಟುಹಿಡಿದರು; ದೇಹದ ನೋವನ್ನು ಮನಸ್ಸಿನ, ಸಂಸಾರದ, ನಂಬಿಕೆಯ ಸಂಕಟಗಳಿಂದ ಬೇರ್ಪಡಿಸದೆ ಒಟ್ಟಾಗಿ ಕಂಡರು. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರಿನ ಕೊನೆಯ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿರುವುದೂ ಇದೇ ಪರಂಪರೆಯಲ್ಲಿ. ಒಣಗಿದ ತುಟಿಗೆ ಒದ್ದೆ ಹತ್ತಿ ಸವರುವುದಕ್ಕೆ, ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುವುದಕ್ಕೆ, ಮಾತು ನಿಂತವರ ಕೈಹಿಡಿದು ಕೂರುವುದಕ್ಕೆ ಗಿಜಿಗುಡುವ ವಾರ್ಡಿನಲ್ಲಿ ಪುರುಸೊತ್ತು ಸಿಗುವುದು ಕಷ್ಟ. ಹಾಸ್ಪಿಸ್ ಎಂಬ ಹೆಸರನ್ನೇ ಕರಗಿಸಿಬಿಟ್ಟರೆ ಈ ಕೊನೆಯ ದಿನಗಳು ಮತ್ತೆ ಆಸ್ಪತ್ರೆಯ ಮೂಲೆ ಸೇರುತ್ತವೆ.

ವಿರೋಧ

ಆ ಹೆಸರು ಹುಟ್ಟಿಸುವ ಭಯವನ್ನೂ ನೋಡಬೇಕು. ಕೆನಡಾದ ಮಾಂಟ್ರಿಯಲ್ಲಿನ ವೈದ್ಯ ಬಾಲ್ಫರ್ ಮೌಂಟ್ 1970ರ ದಶಕದಲ್ಲಿ ‘ಪ್ಯಾಲಿಯೇಟಿವ್ ಕೇರ್’ ಎಂಬ ಮಾತನ್ನು ಆರಿಸಿಕೊಂಡದ್ದೇ, ಫ್ರೆಂಚ್ ಆಡುವವರ ಕಿವಿಗೆ ಹಾಸ್ಪಿಸ್ ಎಂದರೆ ದಿಕ್ಕಿಲ್ಲದವರ ಆಶ್ರಯವೆಂದು ಕೇಳುತ್ತಿದ್ದುದರಿಂದ. ಮುಂದೆ ಈ ಆರೈಕೆಯ ಹರವೂ ಹಿಗ್ಗಿತು: ರೋಗ ಪತ್ತೆಯಾದ ದಿನದಿಂದಲೇ, ಗುಣಪಡಿಸುವ ಚಿಕಿತ್ಸೆಯ ಜೊತೆಜೊತೆಗೇ ಇದನ್ನು ಕೊಡಬಹುದು. ಹಾಸ್ಪಿಸ್ ಅದರ ಕೊನೆಯ ಹಂತ. ನನ್ನ ಮಟ್ಟಿಗೆ ವ್ಯತ್ಯಾಸ ಇಷ್ಟೇ.

ಗೆರೆ ಗಟ್ಟಿಯಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. ಮುಖ್ಯವಾಗಿ ವೃದ್ಧರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಮೆಡಿಕೇರ್ ವಿಮೆಗೆ 1982ರ ಕಾಯ್ದೆಯಿಂದ ಸೇರಿದ ಹಾಸ್ಪಿಸ್ ಸೌಲಭ್ಯ ಸಿಗಬೇಕಾದರೆ, ರೋಗಿ ಆರು ತಿಂಗಳಿಗಿಂತ ಹೆಚ್ಚು ಬದುಕುವುದು ಅನುಮಾನವೆಂದು ವೈದ್ಯರು ಬರೆದುಕೊಡಬೇಕು, ರೋಗಿಯು ಆ ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆಯನ್ನು ಕೈಬಿಡುತ್ತೇನೆಂದು ಸಹಿ ಹಾಕಬೇಕು. ಹೃದಯ ಸೋತವರ ವಿಷಯದಲ್ಲಿ, ಇಂದು ಉಸಿರಿಗಾಗಿ ಒದ್ದಾಡಿ ಮುಂದಿನ ವಾರ ಅಂಗಳದಲ್ಲಿ ನಡೆದಾಡುವವರ ವಿಷಯದಲ್ಲಿ, ಆರು ತಿಂಗಳೆಂದು ಯಾರು ಎಣಿಸಿ ಹೇಳಬಲ್ಲರು? ಆರೈಕೆ ಬೇಕಾದರೆ ಆಸೆ ಬಿಡು ಎನ್ನುವ ಈ ಷರತ್ತು ನನಗೆ ಕ್ರೂರವಾಗಿ ಕಾಣುತ್ತದೆ.

ಬಾಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಉಲ್ಬಣಿಸಿದ್ದ 151 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಉಪಶಾಮಕ ಆರೈಕೆಯನ್ನೂ ಪಡೆದವರ ಆಯಸ್ಸಿನ ಮಧ್ಯಾಂಕ (ಗುಂಪಿನ ಅರ್ಧದಷ್ಟು ಜನ ಬದುಕಿದ್ದ ಅವಧಿ) 11.6 ತಿಂಗಳಿದ್ದರೆ, ಕೇವಲ ಮಾಮೂಲಿ ಚಿಕಿತ್ಸೆ ಪಡೆದವರದು 8.9 ತಿಂಗಳಿತ್ತು. ಮೊದಲ ಗುಂಪಿನವರ ಮನಸ್ಸೂ ಹೆಚ್ಚು ನಿರಾಳವಾಗಿತ್ತು. ಹೀಗಿರುವಾಗ, ಕಿಮೋ ಹಾಕಿಸಿಕೊಳ್ಳಲು ಬಂದವರಿಗೆ ಅದೇ ದಿನ, ಅದೇ ಆಸ್ಪತ್ರೆಯಲ್ಲಿ, ನಿದ್ದೆಗೆಡಿಸುವ ಬೆನ್ನುನೋವಿಗೆ ಮಾರ್ಫಿನ್ ಮಾತ್ರೆಯೂ ಅದರಿಂದಾಗುವ ಮಲಬದ್ಧತೆಗೆ ಔಷಧವೂ ಸಿಗಬೇಕು.